ಫ್ಯಾನ್ ಎರಡ್ ಸುತ್ತ ತಿರುಗಿ ನಿಂತ್ರ ಬೋರ್ಡ್ ಸುಟ್ಟೈತಿ ಅಂತ ತಿಳ್ಕೋಬ್ಯಾಡ್ರಿ

ಪ್ರಶ್ನೆ: ನಮ್ಮದು ಬನಹಟ್ಟಿ ರೀ. ಮನ್ಯಾಗ ನಾಕ್ ಪವರ್‌ಲೂಮ್ ಅದಾವ. ಏಳ್ ವರ್ಷದ ಹಿಂದ ಅಸೆಂಬಲ್ ಮಾಡ್ಸಿದ ಕಂಪ್ಯೂಟರ್, ಮಗ್ಗದ ಲೆಕ್ಕ ಎಲ್ಲಾ ಅದರಾಗ ಟ್ಯಾಲಿ ಒಳಗ ಐತಿ, ಮಗಳ ಪಿಯುಸಿ ನೋಟ್ಸ್, ಮನೀ ಫೋಟೊ ಎಲ್ಲಾ ಅದರಾಗ. ಹೋದ ವಾರ ಗಾಳಿ ಮಳಿ ಬಂದು ಕರೆಂಟ್ ನಾಕೈದ್ ಸಲ ಹೋಗಿ ಬಂತು. ಮರುದಿನ ಬಟನ್ ಒತ್ತಿದ್ರ ಲೈಟ್ ಹತ್ತತೈತಿ, ಫ್ಯಾನ್ ಎರಡ್ ಸೆಕೆಂಡ್ ತಿರುಗಿ ನಿಲ್ಲತೈತಿ, ಮತ್ತ ತಾನ ತಿರುಗತೈತಿ, ಮತ್ತ ನಿಲ್ಲತೈತಿ. ಮಾನಿಟರ್ ಕರ್ರಗ. ಅಂಗಡಿಯವ್ರು ಬೋರ್ಡ್ ಸುಟ್ಟೈತಿ, ಹೊಸಾದ ತಗೋರಿ, ಹಳೇದ್ ನಾವ ಇಟ್ಕೊಂಡು 2000 ರೂಪಾಯಿ ಕಡಿಮಿ ಮಾಡ್ತೀವಿ ಅಂತಾರ. ಕೊಟ್ಟು ಬಿಡ್ಲೇನ್ರಿ?

ಉತ್ತರ: ಕೊಡಬ್ಯಾಡ್ರಿ. ಇವತ್ತಂತೂ ಕೊಡಬ್ಯಾಡ್ರಿ. ಅಂಗಡಿಯವ್ರು ಸುಳ್ಳ ಹೇಳ್ಯಾರ ಅಂತ ನಾ ಅನ್ನಂಗಿಲ್ಲ, ಬೋರ್ಡ್ (ಒಳಗಿನ ಎಲ್ಲಾ ಸಾಮಾನು ಕೂಡೂ ದೊಡ್ಡ ಹಲಗಿ, ಮದರ್‌ಬೋರ್ಡ್) ಖರೇನ ಹೋಗಿರಬಹುದು, ಆದ್ರ ನೀವು ಬರದ ಲಕ್ಷಣ ಬೋರ್ಡ್ ಹೋದಾಗ ಅಷ್ಟ ಬರೂದಲ್ಲ, ರ್ಯಾಮ್ (ಮಷಿನ್ ಚಾಲು ಇದ್ದಾಗಿನ ನೆನಪಿನ ಪಟ್ಟಿ) ಸಡಿಲ ಆದ್ರೂ ಬರತೈತಿ, ಪವರ್ ಸಪ್ಲೈ (ಗ್ವಾಡಿ ಕರೆಂಟ್ ಇಳಿಸಿ ಒಳಗ ಕೊಡೂ ಡಬ್ಬಿ) ಸೋತ್ರೂ ಬರತೈತಿ, ಬಟನ್ ಒಳಗ ಸಿಕ್ಕೊಂಡ್ರೂ ಬರತೈತಿ, ಮಗ್ಗದ ಮನ್ಯಾಗ ಅಂತೂ ಬರೇ ಹತ್ತಿ ಧೂಳಿನಿಂದ ಬರತೈತಿ. ಇನ್ನೊಂದು ಇದಕ್ಕಿಂತ ದೊಡ್ಡ ಮಾತು, ನಿಮ್ಮ ಲೆಕ್ಕ, ಮಗಳ ನೋಟ್ಸ್, ಫೋಟೊ ಇವೇನೂ ಬೋರ್ಡಿನ್ಯಾಗ ಇರಂಗಿಲ್ಲ, ಹಾರ್ಡ್ ಡಿಸ್ಕಿನ್ಯಾಗ ಇರತಾವ. ಬೋರ್ಡ್ ಬೂದಿ ಆದ್ರೂ ಡಿಸ್ಕ್ ಗಟ್ಟಿ ಇರಬಹುದು. 2000 ರೂಪಾಯಿ ಆಸೆಗೆ ಡಿಸ್ಕ್ ಸಮೇತ ಡಬ್ಬಿ ಕೊಟ್ಟು ಬಂದು ಆಮ್ಯಾಲ ಅಳೂದನ್ನ ನಾ ಇಲ್ಲಿ ಬಾಗಲಕೋಟಿ ನವನಗರದಾಗ ಅಂಗಡಿ ಹಾಕಿದಾಗಿಂದ ನೋಡಾಕತ್ತೀನಿ, ಪ್ರತಿ ಸಲ ಹೊಟ್ಟಿ ಉರೀತೈತಿ.

ಈಗ ನಿಮ್ಮ ಮಷಿನಿಗೆ ಬರೋಣ. "ಚಾಲು ಆಗವಲ್ದು" ಅಂತ ಎಲ್ಲಾರೂ ಒಂದ ಮಾತು ಹೇಳ್ತಾರ, ಆದ್ರ ನಿಮ್ಮ ಮಗ್ಗದಾಗ ಬಟ್ಟಿ ಬರವಲ್ದು ಅಂದ್ರ ನೀವೇನ್ ಮಾಡ್ತೀರಿ ಹೇಳ್ರಿ, ಮಗ್ಗ ಮಾರ್ತೀರೇನು? ಮೋಟರ್ ತಿರುಗತೈತಿಲ್ಲೋ ನೋಡ್ತೀರಿ, ಬೆಲ್ಟ್ ನೋಡ್ತೀರಿ, ಲಾಳಿ ಓಡತೈತೇನು, ಹಾಸಿನ ಎಳಿ ಎಲ್ಲಿ ಹರದೈತಿ ಅಂತ ಕೈಯಾಡಿಸಿ ಹುಡುಕ್ತೀರಿ. ಕಂಪ್ಯೂಟರೂ ಹಂಗ ಐತ್ರಿ. ಬಟನ್ ಒತ್ತಿದ ಕೂಡ್ಲೆ ಮೊದ್ಲ ಪವರ್ ಸಪ್ಲೈ ಏಳತೈತಿ, ಅದು 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್ ಮೂರೂ ಸರಿ ಅದಾವ ಅಂತ ಬೋರ್ಡಿಗೆ ಒಂದ್ ಸನ್ನಿ ಕಳಸ್ತೈತಿ (ನಾವು ಪವರ್ ಗುಡ್ ಅಂತೀವಿ), ಆ ಸನ್ನಿ ಬಂದ ಮ್ಯಾಲ ಪ್ರೊಸೆಸರ್ (ಮಷಿನಿನ ಮಿದುಳಿನಂಥಾ ಮುಖ್ಯ ಚಿಪ್) ಎಚ್ಚರ ಆಗತೈತಿ, ಆಮ್ಯಾಲ ಬಯೋಸ್ (ಬೋರ್ಡಿನ್ಯಾಗನ ಇರೂ ಸಣ್ಣ ಪ್ರೋಗ್ರಾಂ) ಎದ್ದು ರ್ಯಾಮ್ ಐತೇನು, ಡಿಸ್‌ಪ್ಲೇ ಐತೇನು ಅಂತ ಒಂದೊಂದ ತಟ್ಟಿ ನೋಡತೈತಿ, ಎಲ್ಲಾ ಸರಿ ಇದ್ರ ಡಿಸ್ಕಿನ್ಯಾಗಿನ ವಿಂಡೋಸ್ ಕೈಗೆ ಕೊಡತೈತಿ. ನಿಮ್ಮದು ಬಯೋಸ್ ಮುಗಿಯೋದ್ರೊಳಗ, ಅಂದ್ರ ಡಿಸ್ಕಿನ ತನಕ ಹೋಗೂದ್ರೊಳಗ ಬೀಳಾಕತ್ತೈತಿ. ಹಂಗಾಗಿ ಯಾರಾದ್ರೂ ಬಂದು ವೈರಸ್ ಹೊಕ್ಕೈತಿ, ಫಾರ್ಮ್ಯಾಟ್ ಹೊಡೀಬೇಕು ಅಂದ್ರ ಅವರಿಗೆ ಚಹಾ ಕೊಟ್ಟು ಕಳಸ್ರಿ, ಡಿಸ್ಕ್ ಮುಟ್ಟಾಕ ಬಿಡಬ್ಯಾಡ್ರಿ. ಇನ್ನೂ ಓದ್ಲಾರದ ಡಿಸ್ಕಿನ್ಯಾಗಿನ ವೈರಸ್ ಫ್ಯಾನ್ ಹ್ಯಾಂಗ ನಿಲ್ಲಸ್ತೈತಿ?

ನಮ್ಮ ಕಡೆ ಮಷಿನ್ ಕೆಡೂದಕ್ಕೂ ಊರಿಗೂ ಸಂಬಂಧ ಐತ್ರಿ. ಬೆಳಗಾವಿ ಕಡಿಂದ ಮಳಿಗಾಲದಾಗ ಮಷಿನ್ ಬಂದ್ರ ನಾ ಮೊದ್ಲ ರ್ಯಾಮ್ ತಗದು ಒರಸ್ತೀನಿ, ಅಲ್ಲಿ ಜೂನಿನಿಂದ ಹಿಡಕೊಂಡ ಜಿಟಿಜಿಟಿ ಮಳಿ, ಗ್ವಾಡಿ ಎಲ್ಲಾ ಥಂಡಿ, ಆ ತಂಪಿಗೆ ಕನೆಕ್ಷನ್ ಮ್ಯಾಲ ಮಂಕ್ ಕೂಡತೈತಿ. ವಿಜಯಪುರ ಕಡಿಂದ ಬ್ಯಾಸಗ್ಯಾಗ ಬಂದ್ರ ಮೊದ್ಲ ಪ್ರೊಸೆಸರ್ ಫ್ಯಾನ್ ಮತ್ತ ಸಪ್ಲೈ ನೋಡ್ತೀನಿ, ಎರಿ ಮಣ್ಣಿನ ಧೂಳು, ಮ್ಯಾಲ 40 ಡಿಗ್ರಿ ದಾಟಿದ ಬಿಸಲು. ರಬಕವಿ ಬನಹಟ್ಟಿ ಮಷಿನ್ ಅಂದ್ರ ಏನೂ ಕೇಳದ ಹೊರಗ ಕಟ್ಟಿ ಮ್ಯಾಲ ಒಯ್ದು ಹತ್ತಿ ಜಾಡಸ್ತೀನಿ.

ಒಮ್ಮೆ ನಿಮ್ಮೂರ ಕಡಿಂದ ಒಬ್ರು ಇಂಥಾದ ಮಷಿನ್ ತಂದಿದ್ರು, ನಿಮ್ಮದರಂಗ ಎದ್ದು ಬಿದ್ದು ಎದ್ದು ಬಿದ್ದು ಮಾಡೂದು. ಬಾಗಲಾ ತಗದ್ರ ಪ್ರೊಸೆಸರ್ ಫ್ಯಾನ್ ಕೆಳಗ, ಅದರ ಅಲ್ಯುಮಿನಿಯಂ ರೆಕ್ಕಿ ಮ್ಯಾಲ, ಒಂದ್ ಬೂದ ಬಣ್ಣದ ಪದರ. ಚಿಮಟಾದಿಂದ ಒಂದ್ ಮೂಲಿ ಹಿಡದು ಎತ್ತಿದ್ರ ಇಡೀ ಪದರ ಸಣ್ಣ ಗಾದಿ ಎದ್ದಂಗ ಒಂದ ಸಲಕ್ಕ ಎದ್ದು ಬಂತು, ರೆಕ್ಕಿ ಗೆರಿ ಸುದ್ದಾ ಅದರ ಮ್ಯಾಲ ಮೂಡಿದ್ವು. ಮೂಸಿ ನೋಡಿದ್ರ ಗಂಜಿ ವಾಸನಿ. ನೂಲಿಗೆ ಹಚ್ಚಿದ ಗಂಜಿ ಪುಡಿ ಹತ್ತಿ ಜೋಡಿ ಹಾರಿ ಬಂದು ಕೂತಿರತೈತಿ, ಒಣ ಇದ್ದಾಗ ಏನೂ ಮಾಡಂಗಿಲ್ಲ, ಗಾಳಿಯೊಳಗ ತೇವ ಹೆಚ್ಚಾತು ಅಂದ್ರ ಅದು ತೇವ ಹೀರಿ ಅಂಟ್ ಆಗತೈತಿ, ರ್ಯಾಮ್ ಕೂಡೂ ಸಂದ್ಯಾಗ ಹೋಗಿ ಕೂತ್ರ ಕನೆಕ್ಷನ್ನ ಕೆಡಸ್ತೈತಿ. ನಿಮ್ಮದೂ ಮಳಿ ಬಂದ ಮರುದಿನಾನ ಕೈ ಕೊಟ್ಟೈತಿ ಅಂದ್ರಲ್ಲ, ಅದಕ್ಕ ನನಗ ಬೋರ್ಡಿಗಿಂತ ಮೊದ್ಲ ಇದರ ಮ್ಯಾಲ ಡೌಟ್. ಅವತ್ತಿನ ಆ ಮಷಿನಿಗೆ ಒಂದ್ ಸಾಮಾನೂ ಬದಲಿ ಮಾಡ್ಲಿಲ್ಲ, ಸ್ವಚ್ಛ ಮಾಡಿ ಪ್ರೊಸೆಸರಿಗೆ ಬಿಸಿ ಎಳಿಯೂ ಪೇಸ್ಟ್ ಹಚ್ಚಿ ಕೊಟ್ಟೆ.

ಹಂಗಾರ ನೀವ ಮನ್ಯಾಗ ಏನ್ ಮಾಡಬೇಕು? ಪ್ಲಗ್ ಪೂರ್ತಿ ಕಿತ್ತಬಿಡ್ರಿ, ಬರೇ ಸ್ವಿಚ್ ಆರಿಸಿದ್ರ ಸಾಲಂಗಿಲ್ಲ. ಪ್ಲಗ್ ತಗದ ಮ್ಯಾಲ ಪವರ್ ಬಟನ್ ಒಂದ್ ಅರ್ಧ ನಿಮಿಷ ಒತ್ತಿ ಹಿಡೀರಿ, ಒಳಗ ಉಳದ ಕರೆಂಟ್ ಇಳೀಲಿ. ಎಷ್ಟೋ ಸಲ ಇಷ್ಟಕ್ಕ ಮಷಿನ್ ಸರಿ ಆಗೂದೂ ಐತಿ, ಅದಕ್ಕ ಇಲ್ಲೇ ಒಮ್ಮೆ ಪ್ಲಗ್ ಹಾಕಿ ನೋಡ್ರಿ. ಆಗ್ಲಿಲ್ಲ ಅಂದ್ರ ಮತ್ತ ಪ್ಲಗ್ ತಗದು, ಹಿಂದಿನ ಎರಡ್ ಸ್ಕ್ರೂ ಬಿಚ್ಚಿ ಬಾಜೂದ ಬಾಗಲಾ ತಗೀರಿ, ಮತ್ತ ಏನ ಮುಟ್ಟೂಕಿಂತ ಮೊದ್ಲ ಮೊಬೈಲದಾಗ ನಾಕೂ ಕಡಿಂದ ಫೋಟೊ ತಕ್ಕೋರಿ, ಯಾವ ವೈರ್ ಎಲ್ಲಿತ್ತು ಅನ್ನೂದು ಆಮ್ಯಾಲ ಯಾರಿಗೂ ನೆನಪಿರಂಗಿಲ್ಲ. ಮಗ್ಗದ ಖೋಲ್ಯಾಗ ಬಿಚ್ಚಬ್ಯಾಡ್ರಿ, ಅಂಗಳಕ್ಕ ಒಯ್ರಿ.

ಧೂಳ ತಗಿಯಾಕ ಪೇಂಟ್ ಬ್ರಷ್ ಹೊಸಾದೊಂದು ಸಾಕು. ಬ್ಲೋವರ್ ಇದ್ರ ಹೊಡೀರಿ, ಆದ್ರ ಫ್ಯಾನ್ ರೆಕ್ಕಿ ಒಂದ್ ಬೆರಳಿನಿಂದ ಹಿಡದು ಹೊಡೀರಿ, ಇಲ್ಲಂದ್ರ ಗಾಳಿಗೆ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳ ಆಗತೈತಿ. ಬಾಯಿಲೆ ಊದಬ್ಯಾಡ್ರಿ, ಉಗುಳ ಹಾರತೈತಿ. ಒದ್ದಿ ಅರಿವಿ ಅಂತೂ ಬ್ಯಾಡೇ ಬ್ಯಾಡ.

ಆಮ್ಯಾಲ ರ್ಯಾಮ್. ಪ್ರೊಸೆಸರ್ ಬಾಜೂ ಉದ್ದಕ ನಿಂತ ಹಸರ ಇಲ್ಲಾ ಕರೀ ಪಟ್ಟಿ, ಒಂದು ಇರಬಹುದು ಎರಡ ಇರಬಹುದು. ಮುಟ್ಟೂಕಿಂತ ಮೊದ್ಲ ಕ್ಯಾಬಿನೆಟ್ಟಿನ ಬರೇ ಕಬ್ಬಿಣ ಒಮ್ಮೆ ಮುಟ್ರಿ, ಮೈಯಾಗಿನ ಸ್ಟ್ಯಾಟಿಕ್ ಇಳೀತೈತಿ. ತುದಿಗಿರೋ ಕಿವಿ ಹಿಂದ ಒತ್ತಿದ್ರ ಪಟ್ಟಿ ಎದ್ದು ಬರತೈತಿ, ಕೆಳಗಿನ ಬಂಗಾರದ ಬಣ್ಣದ ಹಲ್ಲು ಮಗಳ ಕಂಪಾಸ್ ಡಬ್ಬ್ಯಾಗಿನ ಬಿಳೇ ರಬ್ಬರಿನಿಂದ ಹಗೂರಕ ತಿಕ್ರಿ, ಎರಡೂ ಮಗ್ಗಲಾ. ಕರ್ರಗ ಪುಡಿ ಬಂತಂದ್ರ ಖುಷಿ ಪಡ್ರಿ, ರೋಗ ಸಿಕ್ಕಂಗ. ಸ್ಲಾಟಿನ್ಯಾಗ ಬ್ರಷ್ ಆಡಿಸಿ, ಒಂದ ಪಟ್ಟಿ ಮಾತ್ರ ಹಾಕ್ರಿ, ಕಿವಿ ಟಕ್ ಅನ್ನೂ ತನಕ ಎರಡೂ ಹೆಬ್ಬಟ್ಟಿನಿಂದ ಸಮಾ ಒತ್ರಿ. ಭಾಳ ಮಂದಿ ಇಲ್ಲೇ ಅಂಜಿ ಅರ್ಧಾ ಒತ್ತಿ ಬಿಡ್ತಾರ, ಅರ್ಧಾ ಕೂತ ರ್ಯಾಮ್ ಇಲ್ಲದ ರ್ಯಾಮಿಗಿಂತ ಕೆಟ್ಟ. ಚಾಲು ಮಾಡ್ರಿ, ಆಗ್ಲಿಲ್ಲಂದ್ರ ಪ್ಲಗ್ ತಗದು ಅದ ಪಟ್ಟಿ ಇನ್ನೊಂದ್ ಸ್ಲಾಟಿಗೆ, ಆಮ್ಯಾಲ ಇನ್ನೊಂದ್ ಪಟ್ಟಿ ಅದ ಎರಡ್ ಸ್ಲಾಟಿಗೆ. ಎರಡ್ ಪಟ್ಟಿ ಇದ್ರ ನಾಕ್ ಸಲ ನೋಡಿದಂಗಾತು. ಬ್ಯಾಸರ ಮಾಡ್ಕೋಬ್ಯಾಡ್ರಿ, ಇಲ್ಲೇ ಹೆಚ್ಚಾಗಿ ಗೆಲ್ಲೂದು.

ಒಂದ್ ಸಣ್ಣ ಸ್ಪೀಕರ್ ಬರತೈತಿ, ನಾಕ್ ಪಿನ್ನಿನ ತುದಿ ಇರೂದು, ಬೀಪರ್ ಅಂತ ಕೇಳ್ರಿ, ಭಾಳ ಅಗ್ಗ. ಈಗಿನ ಕ್ಯಾಬಿನೆಟ್ಟಿನ್ಯಾಗ ಅದನ್ನ ಹಾಕಿ ಕೊಡಂಗೇ ಇಲ್ಲ, ಅದಕ್ಕ ಮಷಿನ್ ಮೂಗಿ ಆಗಿ ಬಿಟ್ಟಾವ. ಬೋರ್ಡಿನ ಮ್ಯಾಲ ಸ್ಪೀಕರ್ ಅಂತ ಬರದ ಪಿನ್ನಿಗೆ ಹಚ್ಚಿ ಚಾಲು ಮಾಡ್ರಿ. ರ್ಯಾಮ್ ಪೂರ್ತಿ ತಗದಾಗ ಬೋರ್ಡ್ ಬೀಪ್ ಬೀಪ್ ಅಂತ ಒದರಿದ್ರ ಪ್ರೊಸೆಸರ್ ಮತ್ತ ಬೋರ್ಡ್ ಎರಡೂ ಜೀವಂತ ಅದಾವ ಅಂತ ಅರ್ಥ, ರ್ಯಾಮ್ ಇಲ್ಲ ಅಂತ ಹೇಳಾಕರ ಬುದ್ಧಿ ಐತಲ್ಲ! ಬೋರ್ಡ್ ಸುಟ್ಟೈತಿ ಅಂದವರ ಮುಂದ ಈ ಒಂದ್ ಪರೀಕ್ಷಾ ಮಾಡಿ ತೋರಸ್ರಿ. ಒದರ್ಲಿಲ್ಲಂದ್ರ ಮಾತ್ರ ಬೋರ್ಡ್ ಹೋಗೈತಿ ಅಂತ ಅಲ್ಲ, ಮುಂದ ನೋಡೋದೈತಿ.

ಪವರ್ ಬಟನ್ನೂ ನೋಡ್ರಿ. ಇದು ಯಾರೂ ನೋಡಂಗಿಲ್ಲ. ಬಟನ್ ಒಳಗ ಧೂಳ ತುಂಬಿ ಒತ್ತಿದ್ದು ವಾಪಸ್ ಬರದಿದ್ರ, ಬೋರ್ಡಿಗೆ ಯಾರೋ ಬಟನ್ ಹಿಡದ ಕೂತಾರ ಅನಸ್ತೈತಿ, ನಾಕ್ ಸೆಕೆಂಡ್ ಹಿಡದ್ರ ಬಂದ್ ಆಗೂದು ಅದರ ಕಾಯಿದೆ, ಅದಕ್ಕ ಎದ್ದು ಬಿದ್ದು ಆಟ ಆಡತೈತಿ. ಬೋರ್ಡಿನ ಮೂಲ್ಯಾಗ ಬಟನ್ನಿನ ಎರಡ್ ಎಳಿ ವೈರ್ ಹಚ್ಚಿರತಾರ, ಅದನ್ನ ತಗದು, ಆ ಎರಡ್ ಪಿನ್ನಿಗೆ ಸ್ಕ್ರೂ ಡ್ರೈವರ್ ತುದಿ ಒಂದ್ ಕ್ಷಣ ಮುಟ್ಟಿಸಿ ಬಿಡ್ರಿ, ಅದ ಬಟನ್ ಒತ್ತಿದಂಗ. ಅಂಜಬ್ಯಾಡ್ರಿ, ಅಲ್ಲಿ ಇರೂದು ಬರೇ ಸಣ್ಣ ಡಿಸಿ ವೋಲ್ಟೇಜ್, ಹೊಡಿಯಂಗಿಲ್ಲ, ಆದ್ರ ಬಾಜೂ ಪಿನ್ನಿಗೆ ತಾಗದಂಗ ನೋಡ್ಕೋರಿ. ಇದರಿಂದ ಮಷಿನ್ ಎದ್ದು ನಿಂತ್ರ ಕೆಟ್ಟಿದ್ದು ಬಟನ್ ಅಷ್ಟ. ಹಂಗ ಮುಂದಿನ ಯುಎಸ್‌ಬಿ ಬಾಯಿ ಒಳಗ ಟಾರ್ಚ್ ಹಾಕಿ ನೋಡ್ರಿ, ಒಳಗಿನ ಪಿನ್ ಸೊಟ್ಟ ಆಗಿ ಒಂದಕ್ಕೊಂದ್ ತಾಗಿದ್ರ ಆ ಶಾರ್ಟಿಗೆ ಇಡೀ ಮಷಿನ್ ಬೀಳತೈತಿ. ಹುಡುಗ್ರು ಪೆನ್ ಡ್ರೈವ್ ತಿರುವಿ ತುರುಕಿದ್ರ ಆಗೂ ಕೆಲಸ ಇದು.

ಇಷ್ಟಾದ್ರೂ ಹಂಗ ಇದ್ರ ಎಲ್ಲಾ ಬಿಚ್ಚಿ ಕನಿಷ್ಠಕ್ಕ ತರ್ರಿ: ಹಾರ್ಡ್ ಡಿಸ್ಕಿನ ವೈರ್, ಡಿವಿಡಿ ವೈರ್, ಮುಂದಿನ ಯುಎಸ್‌ಬಿ ವೈರ್, ಕೀಬೋರ್ಡ್ ಮೌಸ್ ಎಲ್ಲಾ ತಗೀರಿ, ಬೋರ್ಡ್, ಪ್ರೊಸೆಸರ್, ಒಂದ್ ರ್ಯಾಮ್, ಸಪ್ಲೈ ಇಷ್ಟ ಉಳೀಲಿ. ಈಗ ನಿಂತ್ರ ಒಂದೊಂದ ಹಚ್ಚಕೋತ ಬರ್ರಿ, ಯಾವ್ದು ಹಚ್ಚಿದಾಗ ಬೀಳತೈತೋ ಅದ ಕಳ್ಳ. ಗ್ರಾಫಿಕ್ಸ್ ಕಾರ್ಡ್ (ಮಾನಿಟರಿಗೆ ಚಿತ್ರ ಕಳಸೂ ಬ್ಯಾರೆ ಕಾರ್ಡ್) ಹಾಕಿಸಿದ್ರ ಅದನ್ನೂ ತಗದು ಮಾನಿಟರ್ ವೈರ್ ಬೋರ್ಡಿಗೆ ಹಚ್ರಿ, ಆದ್ರ ನಿಮ್ಮ ಪ್ರೊಸೆಸರಿನ್ಯಾಗ ಡಿಸ್‌ಪ್ಲೇ ಇರಬೇಕು, ಇಂಟೆಲ್ ನಂಬರಿನ ಕೊನಿಗೆ ಎಫ್ ಅಕ್ಷರ ಇದ್ರ ಇರಂಗಿಲ್ಲ.

ಮತ್ತ ಸಪ್ಲೈ. ನಿಮ್ಮ ಮಳಿ-ಕರೆಂಟಿನ ಕಥೀಗೆ ರ್ಯಾಮ್ ಬಿಟ್ರ ಇದರ ಮ್ಯಾಲ ಹೆಚ್ಚು ಸಂಶಯ. ಅಸೆಂಬಲ್ ಮಷಿನಿನ್ಯಾಗ ಪ್ರೊಸೆಸರ್ ದೊಡ್ಡದ್ ಹಾಕಿ ಸಪ್ಲೈ ಮಾತ್ರ ಕ್ಯಾಬಿನೆಟ್ ಜೋಡಿ ಪುಕ್ಕಟೆ ಬಂದದ್ದ ಹಾಕ್ತಾರ, ಮ್ಯಾಲ 450 ವ್ಯಾಟ್ ಅಂತ ಬರದಿರತೈತಿ, ಎತ್ತಿ ನೋಡಿದ್ರ ಖಾಲಿ ಡಬ್ಬಿ ಎತ್ತಿದಂಗ ಹಗುರ. ಅಂಥಾದು ಏಳ್ ವರ್ಷ ಬಾಳಿದ್ದ ದೊಡ್ಡ ಮಾತು. ಅದರೊಳಗಿನ ಕೆಪ್ಯಾಸಿಟರ್ (ಕರೆಂಟ್ ಹಿಡದಿಡೂ ಸಣ್ಣ ಡಬ್ಬಿ) ಒಣಗ್ಯಾವ ಅಂದ್ರ ಫ್ಯಾನ್ ತಿರುಗಿಸೂವಷ್ಟು ಶಕ್ತಿ ಇರತೈತಿ, ಪ್ರೊಸೆಸರ್ ಎದ್ದು ಎಳದ ಕೂಡ್ಲೆ ಕುಸೀತೈತಿ, ಸರಿ ನಿಮ್ಮದರಂಗ. ಪರೀಕ್ಷಾಕ್ಕ ಸೀದಾ ದಾರಿ ಅಂದ್ರ ಗೆಳ್ಯಾರ ಮನಿ ಚಾಲು ಮಷಿನಿಂದ ಸಪ್ಲೈ ತಂದು ಹಚ್ಚಿ ನೋಡೂದು. ಎರಡ್ ಕಡೆ ಹಚ್ಚಬೇಕು ನೆನಪಿರಲಿ, 24 ಪಿನ್ನಿನ ದೊಡ್ಡದೊಂದು, ಪ್ರೊಸೆಸರ್ ಬಾಜೂ 4 ಇಲ್ಲಾ 8 ಪಿನ್ನಿನ ಸಣ್ಣದೊಂದು. ಆ ಸಣ್ಣದ ಮರತ್ರ ಫ್ಯಾನ್ ತಿರುಗಿ ಡಿಸ್‌ಪ್ಲೇ ಬರಂಗಿಲ್ಲ, ಮತ್ತ ಬೋರ್ಡ್ ಹೋಗೈತಿ ಅಂತ ತಲಿ ಮ್ಯಾಲ ಕೈ ಹೊತ್ತು ಕೂಡ್ತೀರಿ. ಮಲ್ಟಿಮೀಟರ್ ಇದ್ದವರು ಹಳದಿ ವೈರಿನ್ಯಾಗ 11.4ರಿಂದ 12.6, ಕೆಂಪಿನ್ಯಾಗ 4.75ರಿಂದ 5.25 ಐತೇನು ನೋಡ್ರಿ, ಮೀಟರಿನ ಕರೀ ಕಡ್ಡಿ ಕರೀ ವೈರಿಗೆ ಹಚ್ಚಬೇಕು. ನೇರಳೆ ವೈರ್ ಮಾತ್ರ ಬಟನ್ ಒತ್ತದಿದ್ರೂ, ಪ್ಲಗ್ ಇದ್ರ ಸಾಕು, 5 ವೋಲ್ಟ್ ತೋರಸ್ಲೇಬೇಕು.

ಹಸರ ವೈರಿಗೂ ಕರೀ ವೈರಿಗೂ ಪಿನ್ ಹಚ್ಚಿ ಬರೇ ಸಪ್ಲೈ ತಿರುಗಿಸಿ ನೋಡೂ ಪದ್ಧತಿ ಎಲ್ಲಾರೂ ಹೇಳ್ತಾರ. ಮಾಡಬಹುದು, ಪ್ಲಗ್ ತಗದು ಪಿನ್ ಹಚ್ಚಿ ಆಮ್ಯಾಲ ಪ್ಲಗ್ ಹಾಕಬೇಕು. ಆದ್ರ ಅದರಿಂದ ತಿಳಿಯೂದು ಸಪ್ಲೈ ಸತ್ತಿಲ್ಲ ಅಂತ ಅಷ್ಟ, ಗಟ್ಟಿ ಐತಿ ಅಂತಲ್ಲ. ಕುಂತಾವ ನಿಂತ ಅಂದಮಾತ್ರಕ್ಕ 50 ಕೆಜಿ ಚೀಲಾ ಹೊರ್ತಾನ ಅಂತ ಹೇಳಾಕ ಬರಂಗಿಲ್ಲಲ್ರಿ. ಎಲ್ಲಾ ವೈರೂ ಕರೀದ ಇರೂ ಸಪ್ಲೈ ಬಂದಾವ ಈಗ, ಅದರಾಗ ಈ ಪ್ರಯೋಗ ಬ್ಯಾಡ. ಮತ್ತ ಕೈ ಮುಗದು ಹೇಳ್ತೀನಿ, ಸಪ್ಲೈ ಡಬ್ಬಿ ಮಾತ್ರ ಬಿಚ್ಚಬ್ಯಾಡ್ರಿ. 230 ವೋಲ್ಟ್ ಎಸಿ ಒಳಗ ಡಿಸಿ ಆಗಿ ದೊಡ್ಡ ಕೆಪ್ಯಾಸಿಟರಿನ್ಯಾಗ 300 ವೋಲ್ಟ್ ದಾಟಿ ನಿಂತಿರತೈತಿ, ಪ್ಲಗ್ ತಗದ ಮ್ಯಾಲೂ ಭಾಳ ಹೊತ್ತಿನತನ ಇರಬಹುದು. ಕರೆಂಟಿನ ಕೆಲಸದಾಗ ಪಳಗಿದವರ ಕೈ ಸುದ್ದಾ ಜುಂ ಅಂದದ್ದ ನಾ ಕಣ್ಣಾರೆ ನೋಡೇನಿ.

ಬೋರ್ಡಿನ ಮ್ಯಾಲ ರೂಪಾಯಿ ನಾಣ್ಯದಂಥಾ ಒಂದ್ ಸೆಲ್ ಐತಿ, ಸಿಆರ್ 2032, 3 ವೋಲ್ಟಿಂದು. ಏಳ್ ವರ್ಷ ಆಗಿದ್ರ ಅದು ಮುಗದಿರತೈತಿ, ಕಂಪ್ಯೂಟರಿನ ತಾರೀಖು ಪದೇ ಪದೇ ಹಿಂದ ಹೊಂಟಿತ್ತು ಅಂದ್ರ ಖಾತ್ರಿ. ಪ್ಲಗ್ ತಗದು ಸೆಲ್ ತಗದು ಒಂದ್ ಹತ್ತ್ ನಿಮಿಷ ಬಿಟ್ಟು ಹೊಸಾದ ಹಾಕ್ರಿ, ಬಯೋಸ್ ಸೆಟ್ಟಿಂಗ್ ಮೂಲಕ್ಕ ಹೋಗತೈತಿ, ಕರೆಂಟ್ ಏರುಪೇರಿನಾಗ ಸೆಟ್ಟಿಂಗ್ ಕೆಟ್ಟು ಹಿಂಗ ಸುತ್ತ ಹೊಡಿಯೂ ಮಷಿನ್ ಇಷ್ಟಕ್ಕ ಸರಿ ಆಗ್ಯಾವ. ಒಂದ್ ಎಚ್ಚರ, ಆಮ್ಯಾಲ ಮಷಿನ್ ಎದ್ದು ವಿಂಡೋಸ್ ಬರವಲ್ದು ಅಂದ್ರ ಗಾಬ್ರಿ ಆಗಿ ಫಾರ್ಮ್ಯಾಟ್ ಮಾಡಿಸಬ್ಯಾಡ್ರಿ, ಸೆಟ್ಟಿಂಗ್ ಮೂಲಕ್ಕ ಹೋದಾಗ ಬೂಟ್ ಮೋಡ್ (ವಿಂಡೋಸ್ ಎಬ್ಬಿಸೂ ರೀತಿ), ಸಾಟಾ ಮೋಡ್ (ಡಿಸ್ಕ್ ಓದೂ ರೀತಿ) ಬದಲಿ ಆಗಿರಬಹುದು, ಯುಇಎಫ್‌ಐ ಇದ್ದದ್ದು ಲೆಗಸಿ, ಎಎಚ್‌ಸಿಐ ಇದ್ದದ್ದು ಬ್ಯಾರೆ. ಅದನ್ನ ಮೊದಲಿನಂಗ ಮಾಡಿದ್ರ ವಿಂಡೋಸ್ ಎದ್ದು ಬರತೈತಿ.

ಬೋರ್ಡ್ ಖರೇನ ಹೋಗೈತೋ ಅಂತ ಕಣ್ಣಿಲೆ ನೋಡೂದಾದ್ರ ಟಾರ್ಚ್ ಹಿಡದು ಪ್ರೊಸೆಸರ್ ಸುತ್ತಿನ ದುಂಡನ ಕೆಪ್ಯಾಸಿಟರ್ ನೋಡ್ರಿ, ತಲಿ ಸಪಾಟ್ ಇರಬೇಕು, ಪೂರಿ ಉಬ್ಬಿದಂಗ ಉಬ್ಬಿದ್ರ ಇಲ್ಲಾ ಕಂದು ರಸ ಸೋರಿದ್ರ ಹೋಗ್ಯಾವ. ಸುಟ್ಟ ವಾಸನಿ, ಕರ್ರಗ ಕಲಿ ಐತೇನು ನೋಡ್ರಿ. ಹಲ್ಲಿ ಸುದ್ದಾ ನೋಡ್ರಿ ರೀ. ಬೆಚ್ಚಗ ಇರತೈತಿ ಅಂತ ಹಿಂದಿನ ಸಂದಿಯಿಂದ ಒಳಗ ಹೋಗಿ ಬೋರ್ಡಿನ ಮ್ಯಾಲ ಸತ್ತು ಶಾರ್ಟ್ ಮಾಡಿದ ಹಲ್ಲಿ ನಾ ವರ್ಷಕ್ಕ ಒಂದೆರಡರ ತಗೀತೀನಿ. ಖಾಲಿ ಇರೂ ಹಿಂದಿನ ಪಟ್ಟಿ ಜಾಗ ಮುಚ್ಚಿಸಿ ಬಿಡ್ರಿ.

ಓದೋರೊಳಗ ಬ್ಯಾರೆ ಥರದ ತ್ರಾಸ ಇದ್ದವರಿಗೂ ಒಂದೆರಡ್ ಮಾತು. ಲೈಟೇ ಹತ್ತವಲ್ದು ಅಂದ್ರ ಪ್ಲಗ್ ಬೋರ್ಡ್, ಪವರ್ ವೈರ್, ಸಪ್ಲೈ ಹಿಂದಿನ ಸಣ್ಣ ಸ್ವಿಚ್ ಇವನ್ನ ಮೊದ್ಲ ನೋಡ್ರಿ, ಹಳೇ ಸಪ್ಲೈನ್ಯಾಗ 115/230 ಅಂತ ಕೆಂಪ್ ಸ್ವಿಚ್ ಇರತೈತಿ, ಅದನ್ನ 115ಕ್ಕ ಎಂದೂ ಒಯ್ಯಬ್ಯಾಡ್ರಿ, ಢಂ ಅಂತೈತಿ. ಫ್ಯಾನ್ ಸಮಾ ತಿರುಗತೈತಿ ಆದ್ರ ಮಾನಿಟರ್ ಕರ್ರಗ ಅಂದ್ರ ಮಾನಿಟರಿನ ವೈರ್ ಗ್ರಾಫಿಕ್ಸ್ ಕಾರ್ಡಿಗೆ ಹಚ್ಚೀರೋ ಬೋರ್ಡಿಗೆ ಹಚ್ಚೀರೋ ನೋಡ್ರಿ. ಬೂಟ್ ಡಿವೈಸ್ ಇಲ್ಲ ಅಂತ ಬಂದ್ರ ಪೆನ್ ಡ್ರೈವ್ ಸಿಗಸೇ ಬಿಟ್ಟೀರೇನು, ಡಿಸ್ಕಿನ ಸಾಟಾ ವೈರ್ ಸಡಿಲ ಐತೇನು ನೋಡ್ರಿ, ಡಿಸ್ಕ್ ಟಕ್ ಟಕ್ ಅಂತ ಬಡೀತಿದ್ರ ಮಾತ್ರ ಅಲ್ಲೇ ಬಂದ್ ಮಾಡ್ರಿ, ಪ್ರತಿ ಸಲ ಚಾಲು ಮಾಡಿದಾಗ ಡೇಟಾ ಸಾಯ್ತಿರತೈತಿ. ವಿಂಡೋಸಿನ ನೀಲಿ ಪರದೆ ಬಂದು ನಿಂತ್ರ ಮಷಿನ್ ಕೆಟ್ಟೈತಿ ಅಂತಲ್ಲ. 2024ರ ಜುಲೈ 19ಕ್ಕ ಒಂದ್ ಸೆಕ್ಯುರಿಟಿ ಸಾಫ್ಟ್‌ವೇರಿನ ತಪ್ಪು ಅಪ್‌ಡೇಟಿಗೆ ಜಗತ್ತಿನಾಗ 85 ಲಕ್ಷ ಕಂಪ್ಯೂಟರ್ ಹಂಗ ನಿಂತಿದ್ವು, ವಿಮಾನ ನಿಂತಿದ್ವು, ಸೇಫ್ ಮೋಡಿಗೆ ಹೋಗಿ ಒಂದ್ ಫೈಲ್ ಅಳಿಸಿದ್ರ ಎದ್ವು, ಯಾರ ಬೋರ್ಡೂ ಸುಟ್ಟಿರ್ಲಿಲ್ಲ. ಹಂಗ 2025ರ ಅಕ್ಟೋಬರ್ 14ಕ್ಕ ವಿಂಡೋಸ್ 10 ಸಪೋರ್ಟ್ ಮುಗೀತು, ಅದಕ್ಕ ನಿಮ್ಮ ಮಷಿನ್ ಬಂದ್ ಆಗೈತಿ ಅಂತ ಯಾರರ ಅಂದ್ರ ನಂಬಬ್ಯಾಡ್ರಿ, ಎಂದಿನ ಸೆಕ್ಯುರಿಟಿ ಅಪ್‌ಡೇಟ್ ನಿಂತಾವ ಅಷ್ಟ, ಮಷಿನ್ ಏಳದಂಗ ಅದು ಮಾಡಂಗಿಲ್ಲ.

ಈಗ ಕರೆಂಟ್. ನಿಮ್ಮ ಮನ್ಯಾಗ ಇದ ನನಗ ಹೆಚ್ಚು ಚಿಂತಿ. ಮಗ್ಗದ ಮೋಟರ್ ಚಾಲು ಆಗೂ ಕ್ಷಣಕ್ಕ ತನ್ನ ಎಂದಿನ ಕರೆಂಟಿಗಿಂತ ಐದಾರ್ ಪಟ್ಟು ಎಳೀತೈತಿ, ಬಲ್ಬ್ ಒಮ್ಮೆ ಕುಂದಿ ಏಳೂದನ್ನ ನೀವ ದಿನಾ ನೋಡ್ತೀರಿ, ಅದ ಲೈನಿನ ಮ್ಯಾಲ ಕಂಪ್ಯೂಟರ್ ಇದ್ರ ಅದಕ್ಕೂ ಅದ ಏಟು. ಮೂರ್ ಫೇಸ್ ಮನ್ಯಾಗ ಗಾಳಿ ಮಳಿಗೆ ನ್ಯೂಟ್ರಲ್ ಸಡಿಲ ಆದ್ರ ಇನ್ನೂ ಕೆಟ್ಟ, ಒಂದ್ ಫೇಸಿನ ಮ್ಯಾಲ 230 ಇರೂದು 300 ದಾಟಿ ಏರಬಹುದು, ಇನ್ನೊಂದ್ರ ಮ್ಯಾಲ ಕುಸೀಬಹುದು. ಒಂದ್ ಖೋಲ್ಯಾಗ ಬಲ್ಬ್ ಕಣ್ಣ ಕುಕ್ಕೂವಂಗ, ಇನ್ನೊಂದ್ರಾಗ ಮಂಕ ಉರದ್ರ ಅದ ಲಕ್ಷಣ, ಆ ಕ್ಷಣ ಮೇನ್ ಬಂದ್ ಮಾಡ್ರಿ. ಅವತ್ತ ರಾತ್ರಿ ನಿಮ್ಮ ಮನ್ಯಾಗ ಹಂಗ ಆಗಿತ್ತೇನು, ಫ್ರಿಜ್, ಟಿವಿ, ಚಾರ್ಜರ್ ಯಾವುದಾರ ಕೆಟ್ಟಾವೇನು ನೆನಪ ಮಾಡ್ಕೋರಿ. ಹೌದು ಅಂದ್ರ ಸಪ್ಲೈ ಮೊದ್ಲ ಬದಲಿ ಮಾಡ್ರಿ, ಬಾಕಿದ್ದು ಆಮ್ಯಾಲ.

ಕ್ಯಾಬಿನೆಟ್ಟಿಗೆ ಬೆರಳ ಹಿಂಭಾಗ ತಾಗಿದ್ರ ಸಣ್ಣಗ ಜುಂ ಅಂತೈತೇನು? ಅಂತಿದ್ರ ನಿಮಗ ಅರ್ಥಿಂಗ್ ಇಲ್ಲ ಅಂತ ತಿಳೀರಿ. ಸಪ್ಲೈನ್ಯಾಗಿನ ಫಿಲ್ಟರ್ ಒಂದಿಷ್ಟು ಕರೆಂಟ್ ಭೂಮಿಗೆ ಇಳಿಸೂ ಸಲುವಾಗಿನ ಇರೂದು, ಇಳಿಯಾಕ ದಾರಿ ಇಲ್ಲಂದ್ರ ಡಬ್ಬಿ ಮ್ಯಾಲ ನಿಲ್ಲತೈತಿ. ಇಲೆಕ್ಟ್ರಿಷಿಯನ್ ಕರದು ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವ ಮೀಟರ್ ಹಿಡಸ್ರಿ, 2–3 ವೋಲ್ಟಿಗಿಂತ ಹೆಚ್ಚು ಬಂದ್ರ ಅರ್ಥಿಂಗ್ ಪಿಟ್ ನೋಡಬೇಕು, ಬ್ಯಾಸಗ್ಯಾಗ ಅದು ಒಣಗಿರತೈತಿ, ನೀರ್ ಹಾಕಸ್ರಿ. ಯುಪಿಎಸ್ ಇದ್ರ ಬ್ಯಾಟರಿ ಎಂದ ಬದಲಿ ಮಾಡ್ಸಿದ್ರಿ? ಒಳಗಿನ 12 ವೋಲ್ಟಿನ ಬ್ಯಾಟರಿ ನಮ್ಮ ಬಿಸಲಿಗೆ ಭಾಳ ದಿನ ತಡಿಯಂಗಿಲ್ಲ, 25 ಡಿಗ್ರಿ ಮ್ಯಾಲ ಪ್ರತಿ 10 ಡಿಗ್ರಿಗೆ ಅದರ ಆಯುಷ್ಯ ಹೆಚ್ಚುಕಡಿಮಿ ಅರ್ಧಾ ಆಗತೈತಿ. ಸತ್ತ ಬ್ಯಾಟರಿ ಯುಪಿಎಸ್ ಕಂಪ್ಯೂಟರ್‌ನ ಕಾಯಂಗಿಲ್ಲ, ಮೊದ್ಲ ಅದನ್ನ ಬಿಟ್ಟು ಸೀದಾ ಗ್ವಾಡಿ ಪ್ಲಗ್ಗಿಗೆ ಹಚ್ಚಿ ನೋಡ್ರಿ.

ಕೊನೀಗೆ ಡಿಸ್ಕ್. ಮೇಲಿಂದೆಲ್ಲಾ ಮಾಡಿ ಸೋತ್ರೂ ಲೆಕ್ಕ ಸಿಗತೈತಿ, ಗಾಬ್ರಿ ಬ್ಯಾಡ. ಡಿಸ್ಕ್ ನಾಕ್ ಸ್ಕ್ರೂ ಬಿಚ್ಚಿದ್ರ ಕೈಗೆ ಬರತೈತಿ, ಯುಎಸ್‌ಬಿ ಕೇಸ್ ಒಂದ್ ತಗೊಂಡು ಬ್ಯಾರೆಯವರ ಲ್ಯಾಪ್‌ಟಾಪಿಗೆ ಹಚ್ರಿ. ನಿಮ್ಮದು ಅಗಲ ಇರೂ 3.5 ಇಂಚಿಂದಾದ್ರ 12 ವೋಲ್ಟ್ ಅಡಾಪ್ಟರ್ ಇರೂ ಕೇಸೇ ಬೇಕು, ಬರೇ ಯುಎಸ್‌ಬಿ ವೈರಿನ ಕರೆಂಟಿಗೆ ಅದು ತಿರುಗಂಗಿಲ್ಲ, ತಿರುಗಲಿಲ್ಲ ಅಂತ ಡಿಸ್ಕ್ ಹೋಗೈತಿ ಅಂದವರೂ ಅದಾರ. ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳಿದ್ರ ಬ್ಯಾಡ ಅನ್ರಿ. ಟ್ಯಾಲಿ ಲೆಕ್ಕ ಡೇಟಾ ಅನ್ನೂ ಫೋಲ್ಡರಿನ್ಯಾಗ ಇರತೈತಿ, ಒಳಗ ಕಂಪನಿ ಹೆಸರ ಕಾಣಂಗಿಲ್ಲ, ಬರೇ 10000, 10001 ಅಂತ ನಂಬರಿನ ಫೋಲ್ಡರ್ ಕಾಣ್ತಾವ, ಅದೇನೋ ಕಸ ಅಂತ ಬಿಟ್ಟು ಬಂದು ಆಮ್ಯಾಲ ಪರದಾಡ್ತಾರ, ಅದ ನಿಮ್ಮ ಏಳ್ ವರ್ಷದ ಲೆಕ್ಕ, ಇಡೀ ಡೇಟಾ ಫೋಲ್ಡರ್ ಹಂಗ ಎತ್ತಿ ಎರಡ್ ಕಡೆ ಕಾಪಿ ಮಾಡ್ರಿ. ನುಡಿ (ಕನ್ನಡ ಟೈಪ್ ಮಾಡೂ ಸಾಫ್ಟ್‌ವೇರ್) ಒಳಗ ಟೈಪ್ ಮಾಡಿದ ಪತ್ರ ಇದ್ರ ನುಡಿ ಫಾಂಟೂ ಜೋಡಿ ತಗೋರಿ, ಇಲ್ಲಂದ್ರ ಹೊಸ ಮಷಿನಿನ್ಯಾಗ ತಗದಾಗ ಕನ್ನಡ ಎಲ್ಲಾ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣತೈತಿ, ಫೈಲ್ ಕೆಟ್ಟಿರಂಗಿಲ್ಲ. ಹೊಸ ಲ್ಯಾಪ್‌ಟಾಪಿನವರು ಒಂದ್ ಗಮನಿಸ್ರಿ, ಅವುಗಳ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿರಬಹುದು, 48 ಅಂಕಿ ಕೀ ಇಲ್ಲದ ತಗಿಯಾಕ ಬರಂಗಿಲ್ಲ, ಮಷಿನ್ ಚಲೋ ಇದ್ದಾಗನ ಅದನ್ನ ಬರದಿಟ್ಕೋರಿ.

ರವಿವಾರ ಮಗ್ಗ ಬಂದ್ ಇರತಾವಲ್ಲ, ಅವತ್ತ ಮುಂಜಾನಿ ಮಗಳನ್ನ ಬಾಜೂ ಕೂಡಿಸ್ಕೊಂಡು ಧೂಳ ತಗದು ರ್ಯಾಮ್ ತಿಕ್ಕೂದರಿಂದ ಶುರು ಮಾಡ್ರಿ. ಎದ್ದು ನಿಂತ್ರ ಇನ್ನ ಮ್ಯಾಲ ಕ್ಯಾಬಿನೆಟ್ ಮಗ್ಗದ ಖೋಲ್ಯಾಗ ನೆಲದ ಮ್ಯಾಲ ಇಡಬ್ಯಾಡ್ರಿ, ಹತ್ತಿ ಎಲ್ಲಾ ನೆಲಕ್ಕ ಇಳಿಯೂದು, ಒಳಗಿನ ಖೋಲಿಗೆ ಟೇಬಲ್ ಮ್ಯಾಲ ಒಯ್ರಿ. ಏಳಲಿಲ್ಲಂದ್ರ ಮೂರ್ ಮಾತು ನನಗ ತಿಳಸ್ರಿ: ರ್ಯಾಮ್ ತಗದಾಗ ಬೀಪರ್ ಒದರಿತೋ ಇಲ್ಲೋ, ನೇರಳೆ ವೈರಿನ್ಯಾಗ ಎಷ್ಟ್ ವೋಲ್ಟ್ ಬಂತು, ಬ್ಯಾರೆ ಸಪ್ಲೈ ಹಚ್ಚಿದಾಗ ಏನಾತು.